ಮಣ್ಣು ಮುಟ್ಟಿದ ಕೈ

ಸಂಜೆ ಆರಕ್ಕೆ ಐದು ನಿಮಿಷ.
ನಮ್ಮ ಸ್ನಾನದ ಮನೆಯ ಟಿವಿ ಎದುರು
ಬಟ್ಟೆ ಬಿಚ್ಚಿದವರು ಒಳಗೆ ಹೋಗರು,
ಮಿಂದು ಬಂದವರು ಬಟ್ಟೆ ತೊಡರು.
ಹೊರಗೆ ತ್ಸುಗರು ಸೀಮೆಯ ಜನವರಿ,
ಕಿಟಕಿಯ ಅರ್ಧಕ್ಕೆ ಹಿಮ.
ನಾನು ಗಲ್ಲಾದ ಎತ್ತರದ ಪೀಠದಲ್ಲಿ,
ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು,
ನಡುವೆ ಹಲಗೆಯ ಗೋಡೆ.
ಚಿಲ್ಲರೆ ಎಣಿಸುತ್ತ ಎರಡೂ ಕಡೆಯ ಜಗಳ ಕೇಳುವವಳು.

ಮಿನೆಗಸುಮಿ ನಮ್ಮವನು. ಅಂದರೆ
ಅವನ ತಾಯಿಯ ತವರು ಇಲ್ಲಿಂದ ಎರಡು ಸ್ಟೇಷನ್ನು ಆಚೆ.
ತೊನೆಮಾರು ಯಾರವನೂ ಅಲ್ಲ,
ಸೇಬಿನ ತೋಟದ ಗೆನ್ಸಾಕುವಿಗೆ ಮಾತ್ರ ದೇವರು:
"ಗೆದ್ದಾಗ ಹಲ್ಲು ಬಿಡುವುದಿಲ್ಲ, ಸೋತಾಗ ಮುಖ ಗಂಟಿಕ್ಕುವುದಿಲ್ಲ,
ಇನ್ನೇನು ಬೇಕು ಮನುಷ್ಯನಲ್ಲಿ?"
"ಗೆಲ್ಲುವುದು," ಅಂದ ಸುಕೆಜೊ.

ಉಪ್ಪು ಎರಚಿದರು. ಕೂತರು. ಎದ್ದರು. ಮತ್ತೆ ಉಪ್ಪು.
ಆಮೇಲೆ ಎರಡು ಗುಡ್ಡ ಡಿಕ್ಕಿ ಹೊಡೆದ ಸದ್ದು.
ನಾಲ್ಕು ಉಸಿರಿನ ಹೊತ್ತು, ಅಷ್ಟೆ:
ಹುಲ್ಲಿನ ಸಿಂಬೆಯಂಥ ಅಂಚಿನಲ್ಲಿ ತೊನೆಮಾರು ಹಿಂದಕ್ಕೆ ಬಾಗಿ,
ಮೇಲೆ ಮಿನೆಗಸುಮಿ,
ಇಬ್ಬರೂ ಒಟ್ಟಿಗೆ ಆಚೆ.

ರೆಫರಿಯ ಬೀಸಣಿಗೆ ನಮ್ಮವನತ್ತ.
ಅವನಿಗೆ 'ಗೊತ್ತಿಲ್ಲ' ಅನ್ನುವ ಹಕ್ಕಿಲ್ಲ;
ಸೊಂಟದ ಚೂರಿ, ತಪ್ಪಿದರೆ ತನ್ನ ಹೊಟ್ಟೆಗೇ ಎಂದು
ಹಳೆಯ ಕಾಲದ ಲೆಕ್ಕ.
ಸುಕೆಜೊ ತೊಡೆ ತಟ್ಟಿದ. ಆಗಲೇ
ಕಪ್ಪು ನಿಲುವಂಗಿಯ ಒಬ್ಬರು ಕೈ ಎತ್ತಿದರು.

ಐವರು ಮೇಲೆ ಹತ್ತಿ ತಲೆಗೆ ತಲೆ ಕೊಟ್ಟು ನಿಂತರು,
ಸಂಬಂಧ ಕುದುರಿಸಲು ಬಂದ ಸೋದರಮಾವಂದಿರ ಹಾಗೆ.
ಟಿವಿಯಲ್ಲಿ ನಿಧಾನವಾಗಿ, ಇನ್ನೂ ನಿಧಾನವಾಗಿ
ಮಿನೆಗಸುಮಿಯ ಬಲಗೈ ಇಳಿಯುತ್ತದೆ,
ಕೆಳಗಿನ ಬೆನ್ನು ನೆಲ ಸೇರುವ ಮುಂಚೆ,
ಒಂದು ರೆಪ್ಪೆಯಷ್ಟು ಮುಂಚೆ.

"ಮುಟ್ಟಿತು! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನೋಡಿಕೋ!"
"ಮುಟ್ಟಿದ್ದಲ್ಲವೋ, ಊರಿದ್ದು. ಕೆಳಗಿನವನು ಜಜ್ಜಿಹೋಗಬಾರದೆಂದು.
ಕಾಯುವ ಕೈಗೆ ಸೋಲಿಲ್ಲ, ಶಾಸ್ತ್ರದಲ್ಲೇ ಇದೆ."
"ಕಾಯುವ ಕೈಯೋ, ಬೀಳುವ ಕೈಯೋ, ಕೈಯೇ ಬಂದು ಹೇಳಿತೇ ನಿನಗೆ?"
"ಅವನ ಮೈ ಆಗಲೇ ಸತ್ತಿತ್ತು!"
"ಸತ್ತ ಮೈಯ ಹೆಬ್ಬೆರಳು ಆಕಾಶ ನೋಡುತ್ತದೆ. ಇದು ನೋಡುತ್ತಿದೆಯೇ?"

ಅಂಚಿನ ಮರಳನ್ನು ಪೊರಕೆಯಲ್ಲಿ ಗುಡಿಸಿಟ್ಟಿರುತ್ತಾರೆ,
ಹಾವಿನ ಕಣ್ಣು ಅನ್ನುತ್ತಾರೆ ಅದಕ್ಕೆ,
ಹಿಮ್ಮಡಿ ತಾಗಿದರೆ ಸಾಕ್ಷಿ ಹೇಳಲೆಂದು.
ಕೈಯ ಮನಸ್ಸಿಗೆ ಅಂಥ ಮರಳಿಲ್ಲ.

ಹಲಗೆಯಾಚೆಯಿಂದ ಶಿಗೆನೊ, ತಲೆ ತುಂಬ ನೊರೆ:
"ಏನಾಯಿತು? ಯಾರು?"
ಯಾರೂ ಹೇಳಲಿಲ್ಲ.

ತೀರ್ಪು ತಿರುಗಿತು. ಕೈ ಮೊದಲು. ನಮ್ಮವನು ಸೋತ,
ತಲೆ ಬಾಗಿಸಿ ಇಳಿದುಹೋದ.
"ಬಿದ್ದರೂ ಮೀಸೆ ಮಣ್ಣಾಗಲಿಲ್ಲ," ಅಂದ ಸುಕೆಜೊ.
"ಮೀಸೆ ಎಲ್ಲಿದೆಯೋ ಅವನಿಗೆ!"
ಟವೆಲು ಹಾರಿತು, ಹಾಲಿನ ಬಾಟಲಿ ಉರುಳಿತು.
"ಕುನಿಜಿಯನ್ನು ಕೇಳೋಣ. ಅವನು ಅಲ್ಲಿದ್ದವನು."

ಅಲ್ಲಿದ್ದವನು. ನಾಲ್ಕು ವರ್ಷ, ಒಂದು ತಿಂಗಳು.
ಟಿವಿ ಇನ್ನೂ ಕಣ್ಣು ಬಿಡದ ಬೆಳಗಿನಲ್ಲಿ
ಖಾಲಿ ದಿಂಬುಗಳ ನಡುವೆ ಕೂತಿದ್ದೆ ನಾನು,
ಮಡಿಲಲ್ಲಿ ಅನ್ನದುಂಡೆಯ ಪೊಟ್ಟಣ.
ಹದಿನೈದರ ಹುಡುಗನೊಬ್ಬ ಇವನಡಿ ಹಿಂದಕ್ಕೆ ಬಿದ್ದ.
ಇವನ ಅಂಗೈ ಮಣ್ಣಿಗೆ.
ಬೀಸಣಿಗೆ ಹುಡುಗನತ್ತ.
ಕಪ್ಪು ನಿಲುವಂಗಿಗಳು ಅಲ್ಲೂ ಐದಿದ್ದವು,
ಒಂದೂ ಕೈ ಏಳಲಿಲ್ಲ.
ನನ್ನದು ಮಾತ್ರ ಮಡಿಲಿಂದ ಭುಜದವರೆಗೆ ಎದ್ದು
ಕೂದಲು ಸರಿಮಾಡಿಕೊಂಡು ಇಳಿಯಿತು.

ಬಾಯ್ಲರಿನಿಂದ ಬಂದ ಮಗ, ಗಲ್ಲದಲ್ಲಿ ಮಸಿ.
ಎರಡು ಸಲ ನೋಡಿದ, ಆ ಕೈ ಇಳಿಯುವುದನ್ನು.
ಬತ್ತಲೆ ನಿಂತವರಿಗೆ ಚಳಿ ನೆನಪಾಗುವಷ್ಟು ಹೊತ್ತು
ಎಲ್ಲರೂ ಕಾದರು.
ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದಿದ್ದ,
ಹಿಮದ ದಿನ ಹಾಗೇ ಹಿಡಿದಿರುತ್ತಾನೆ.

"ಕೆಳಗಿದ್ದವನು ಎದ್ದನಾ?"
"ಎದ್ದ," ಅಂದ ಗೆನ್ಸಾಕು, ದನಿ ಇಳಿಸಿ. "ತಾನೇ ಎದ್ದ."
"ಹಾಗಾದರೆ ಸರಿ."
ಸೌದೆಯ ಬುಟ್ಟಿ ಎತ್ತಿಕೊಂಡು ಹೋದ.

"ಅಯ್ಯೋ, ಯಾರು ಗೆದ್ದರು ಅಂತ ಹೇಳ್ರೋ,"
ಹಲಗೆ ಗುದ್ದಿದಳು ಶಿಗೆನೊ,
"ಕಣ್ಣಿಗೆ ಸೋಪು ಹೋಗಿದೆ!"